ಗೆಂಡೆಮೀನಿನ ಬಾಣಂತನ

ಹೊಳೆಸಾಲಿನ ಪಾಳೆಗಾರ ಹಾಲಪ್ಪನಾಯಕನದು ಧಾರಾಳ ಕೈ, ಆದರೆ ಬಾಯಿಚಪಲ ಅದಕ್ಕಿಂತ ಧಾರಾಳ. ಮಗಳು ಪದುಮವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತುಂಬಿದ ಸಭೆಯಲ್ಲಿ ಮೀಸೆ ತೀಡಿಕೊಂಡು ಸಾರಿಯೇಬಿಟ್ಟ.

"ಹೆರಿಗೆಗೆ ತವರಿಗೆ ಬಂದವಳು ಯಾರೇ ಆಗಲಿ, ನನ್ನ ಸೀಮೆಯಲ್ಲಿ ಅವಳಿಗೆ ತೊಂದರೆ ಕೊಡಕೂಡದು. ಕೊಟ್ಟವನು ಅವಳ ಮಕ್ಕಳ ತೊಟ್ಟಿಲು ತೂಗಬೇಕು. ನಾನೇ ಆದರೂ ಅಷ್ಟೆ!"

ಸಭೆಯವರೆಲ್ಲ ಭಲೇ ಅಂದರು. ಅದೇ ಉಸಿರಿನಲ್ಲಿ ನಾಯಕ ಆಸ್ಥಾನದ ಊಳಿಗದವನಾದ ಕೋನಪ್ಪನ ಕಡೆ ತಿರುಗಿದ.

"ಮಾಗಿ ಬಂತಲ್ಲಯ್ಯ. ಗೆಂಡೆಮೀನು ಹೊಟ್ಟೆ ತುಂಬ ತತ್ತಿ ಹೊತ್ತು ಬರುವ ಕಾಲ. ನಾಳೆಯಿಂದ ದಿನಾ ಒಂದು ಬುಟ್ಟಿ ಅಡುಗೆಮನೆಗೆ ಬರಲಿ. ಬೆಸ್ತರು ಕೊಡದಿದ್ದರೆ ಬಲೆ ಕಿತ್ತುಕೊಂಡು ಕೇರಿಯಿಂದ ಓಡಿಸು."

ಕೋನಪ್ಪ ಚಳಿಗೆ ನಡುಗುತ್ತ ಹೊಳೆಗೆ ಹೋದ. ಬೆಸ್ತರ ಬಲೆಗಳೆಲ್ಲ ಬಿದಿರ ಗಳುವಿನ ಮೇಲೆ ನೇತಾಡುತ್ತಿದ್ದವು. ಕೇರಿಯ ಹಿರಿಯಳು ಹೊನ್ನಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅರಿಸಿನ, ಹೂವು, ಅಕ್ಕಿ ಚೆಲ್ಲುತ್ತಿದ್ದಳು.

"ಬಲೆ ಯಾಕಜ್ಜಿ ಮೇಲೆ ಕಟ್ಟಿದ್ದೀರಿ?"

"ಬಸುರಿ ಮೇಲೆ ಬಲೆ ಬೀಸ್ತಾರಾ ನನ್ನಪ್ಪ? ಬೆರಳುದ್ದದ ಜೀವಗಳು, ಈ ಚಳೀಲಿ ಹೊಳೆ ಏರ್ಕೊಂಡು ಹೆರೋಕೆ ಇಲ್ಲಿಗೇ ಬರ್ತವೆ. ಈ ಮರಳಲ್ಲೇ ಹುಟ್ಟಿದವು, ಇದೇ ಅವುಕ್ಕೆ ತವರು. ಅದಕ್ಕೇ ಮಡಿಲು ತುಂಬ್ತೀವಿ. ಮರಿ ಈಜೋವರ್ಗೂ ಬಲೆ ಇಳ್ಸಲ್ಲ. ಈಗ ಹಿಡಿದ್ರೆ, ಬರೋ ವರ್ಷ ನಮ್ಮ ಮಕ್ಕಳು ಏನು ತಿನ್ಬೇಕು?"

ಮೀನು ತಿನ್ನುವುದರಲ್ಲಿ ಕೋನಪ್ಪನೇನೂ ಹಿಂದೆ ಬಿದ್ದವನಲ್ಲ. ಆದರೂ ಅಜ್ಜಿಯ ಮಾತು ಅವನಿಗೆ ನಾಟಿತು. ನಾಯಕನಿಗೆ ಬುದ್ಧಿ ಹೇಳಿದರೆ ತನ್ನ ತಲೆ ಉಳಿಯದು, ಹೇಳದಿದ್ದರೆ ಕೇರಿ ಉಳಿಯದು. ತಲೆ ಕೆರೆದುಕೊಂಡು ನಿಂತವನು ಇದ್ದಕ್ಕಿದ್ದಂತೆ ನಕ್ಕ.

"ಅಜ್ಜಿ, ಒಬ್ಬ ಬಸುರೀನ ಮಾತ್ರ ನನ್ನ ಜೊತೆ ಕಳಿಸು. ಸುಖವಾಗಿ ವಾಪಸ್ ತರ್ತೀನಿ."

ಮರುದಿನ ನಾಯಕ ಎಲೆಯ ಮುಂದೆ ಕೂತಿದ್ದ. ಕೋನಪ್ಪ ರೇಷ್ಮೆ ಬಟ್ಟೆ ಮುಚ್ಚಿದ ತಾಮ್ರದ ಕೊಳಗ ತಂದಿಟ್ಟ. ಬಟ್ಟೆ ಸರಿಸಿದರೆ ಒಳಗೆ ಗೆಂಡೆಮೀನು ಈಜುತ್ತಿದೆ! ಕೊಳಗದ ಅಂಚಿಗೆ ಅರಿಸಿನ ಕುಂಕುಮ, ಪಕ್ಕದಲ್ಲಿ ಹಸಿರು ಬಳೆ.

"ಹುರಿದಿಲ್ಲವೇನೋ?"

"ಹೇಗೆ ಹುರಿಯಲಿ ಬುದ್ಧಿ? ಹೆರಿಗೆಗೆ ತವರಿಗೆ ಬಂದವಳು. ನಿನ್ನೆ ತಾನೇ ಬೆಸ್ತರು ಮಡಿಲು ತುಂಬಿದ್ದಾರೆ."

"ಮೀನಿಗೆಂಥ ತವರೋ, ಮಂಕೆ!"

"ಬುದ್ಧಿ, ನೀವೇ 'ಯಾರೇ ಆಗಲಿ' ಅಂದಿರಿ. ಜಡೆ ಇರಬೇಕು, ಕಾಲಿರಬೇಕು ಅನ್ನಲಿಲ್ಲ. ಈಗ ನಿಮ್ಮ ಅಪ್ಪಣೆ ಅಂತ ಇವಳನ್ನು ತವರಿನಿಂದ ಎತ್ತಿ ತಂದದ್ದಾಯಿತು."

ಒಳಗಿನಿಂದ ಪದುಮವ್ವ ಕಿಲಕಿಲ ನಕ್ಕಳು. "ಅಪ್ಪಾಜಿ, ಮಾತು ಅಂದ್ರೆ ಮಾತು!"

ಮಗಳ ಮುಂದೆ ನಾಯಕ ಸೋಲುವುದುಂಟೆ? ಎದೆ ಸೆಟೆಸಿ ಹೇಳಿದ. "ಆಗಲಿ, ತಪ್ಪು ನನ್ನದೇ. ತೊಟ್ಟಿಲು ತಾನೇ? ತೂಗಿದರಾಯಿತು!"

ಕೋನಪ್ಪ ವಿನಯದಿಂದ ಬಗ್ಗಿದ.

"ಬಡಗಿಯನ್ನು ಬಾಗಿಲಲ್ಲೇ ನಿಲ್ಲಿಸಿದ್ದೇನೆ ಬುದ್ಧಿ. ಇವಳ ಹೊಟ್ಟೆಯಲ್ಲಿ ಸಾವಿರಕ್ಕೆ ಕಡಿಮೆ ಇಲ್ಲ. ತೊಟ್ಟಿಲೆಲ್ಲ ಅರಮನೆಯಲ್ಲೇ ಹಿಡಿಸುತ್ತವೋ, ಕೋಟೆಯಿಂದಾಚೆಗೂ ಕಟ್ಟಿಸಲೋ?"

ನಾಯಕ ಕೊಳಗ ನೋಡಿದ, ಕೋನಪ್ಪನನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಗಲ ಮೇಲಿದ್ದ ಜರಿ ಶಾಲು ತೆಗೆದು ಕೋನಪ್ಪನಿಗೆ ಹೊದಿಸಿದ.

"ಹೊರಗೆ ಚಳಿ ಇದೆ, ಹೊದ್ದುಕೊಂಡು ಹೋಗು. ಮೊದಲು ಇವಳನ್ನು ತವರಿಗೆ ಮುಟ್ಟಿಸಿ ಬಾ ಮಾರಾಯ!" ಎಂದವನು ಅಡುಗೆಯವನನ್ನು ಕೂಗಿ ಸೊಪ್ಪಿನ ಸಾರು ಬಡಿಸಲು ಹೇಳಿದ.