ಕುರ್ಚಿ ಮತ್ತು ಅದರ ಚೀಟಿ

ಒಂದು ಕಚೇರಿಗೆ ಹೊಸ ತಿರುಗುವ ಕುರ್ಚಿ ಬಂತು. ಅದರ ಬೆನ್ನಿಗೆ ‘ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆ’ ಎಂಬ ಚೀಟಿ ಅಂಟಿಸಿದ್ದರು. ಕುರ್ಚಿ ಆ ಚೀಟಿಗೆ ಹೇಳಿತು: “ನನ್ನನ್ನು ಯಾರೂ ಪರೀಕ್ಷೆ ಮಾಡಿಲ್ಲ. ನನ್ನ ಕಾಲಿನಲ್ಲಿ ಹುಟ್ಟಿನಿಂದಲೇ ಬಿರುಕಿದೆ. ನೀನು ಕಳಚಿ ಬೀಳು. ಆಗಲಾದರೂ ಇವರು ನನ್ನನ್ನು ತಿರುಗಿಸಿ ನೋಡಿಯಾರು.”

“ಬಿದ್ದರೆ ನನ್ನನ್ನು ಗುಡಿಸಿ ಬಿಸಾಡುತ್ತಾರೆ. ಅಂಟಿಕೊಂಡಿರುವುದಷ್ಟೇ ನನ್ನ ಕೆಲಸ,” ಎಂದಿತು ಚೀಟಿ.

ಅಷ್ಟರಲ್ಲಿ ಬೆರಳಚ್ಚುಗಾರ್ತಿ ನೀಲಗಂಗಾ ಬಂದಳು. ಹಳೆಯ ಕುರ್ಚಿಯಲ್ಲಿ ಕೂತು ಕೂತು ಅವಳ ಸೊಂಟ ಹಿಡಿದುಹೋಗಿತ್ತು. ಎಚ್ಚರದ ಹೆಂಗಸಾದ್ದರಿಂದ ಕೂರುವ ಮೊದಲು ಚೀಟಿಯನ್ನು ಎರಡು ಸಲ ಓದಿದಳು. “ಸದ್ಯ, ಸಾಹೇಬರು ಒಳ್ಳೆಯದನ್ನೇ ಆರಿಸಿದ್ದಾರೆ,” ಎಂದು ಕೂತಳು. ಕುರ್ಚಿ ತನ್ನಿಂದಾದಷ್ಟು ಜೋರಾಗಿ ಕಿರುಗುಟ್ಟಿತು. ಹೊಸದಲ್ಲವೇ, ಪಳಗುತ್ತದೆ ಎಂದುಕೊಂಡಳು ನೀಲಗಂಗಾ.

ಕುರ್ಚಿ ಇಪ್ಪತ್ತು ದಿನ ಹಲ್ಲು ಕಚ್ಚಿಕೊಂಡು ಅವಳನ್ನು ಹೊತ್ತಿತು. ಮರುದಿನ ಕಾಲು ಮುರಿಯಿತು. ಹಿಂದಕ್ಕೆ ಉರುಳಿಬಿದ್ದ ನೀಲಗಂಗಾಳ ಬೆನ್ನುಮೂಳೆ ಮುರಿಯಿತು. ಅವಳು ಮತ್ತೆ ಎದ್ದು ನಡೆಯಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮುರಿದ ಕಾಲನ್ನು ನೋಡಲಿಲ್ಲ, ಚೀಟಿಯನ್ನು ಓದಿದ. “ಕುರ್ಚಿ ಸರಿಯಾಗಿದೆ. ಕೂತವಳೇ ಸರಿಯಾಗಿ ಕೂತಿಲ್ಲ,” ಎಂದು ಬರೆದು, ಅಂಥವೇ ಇನ್ನೂ ಹನ್ನೆರಡು ಕುರ್ಚಿಗಳನ್ನು ತರಿಸಲು ಸಹಿ ಹಾಕಿದ.