ಕೈಗವಸಿನ ಸುಂಕ

ಕೋಡಿಪುರದ ಸುಂಕದ ಹೆಗ್ಗಡೆ ಕೇತಯ್ಯನಿಗೆ ತನ್ನ ಮೀಸೆಗಿಂತ ತನ್ನ ಪಟ್ಟಿಯ ಮೇಲೆ ಅಭಿಮಾನ ಹೆಚ್ಚು. ದವಸ, ಬಟ್ಟೆ, ಮರ, ಆಯುಧ ಎಂದು ಊರ ಹೆಬ್ಬಾಗಿಲು ದಾಟುವ ಸರಕೆಲ್ಲ ಆ ಪಟ್ಟಿಯ ಓಲೆಗಳಲ್ಲಿತ್ತು. "ನನ್ನ ಪಟ್ಟಿಯಲ್ಲಿ ಕೂರದ ವಸ್ತು ಈ ಭೂಮಿಯ ಮೇಲೆ ಇಲ್ಲ ಮಹಾಸ್ವಾಮಿ" ಎಂದು ವಾರಕ್ಕೊಮ್ಮೆಯಾದರೂ ಕಾಳರಸ ರಾಜನ ಕಿವಿಗೆ ಹಾಕುತ್ತಿದ್ದ. ಒಮ್ಮೆ ಯಾರೋ ಖಾಲಿ ಗಾಡಿ ಹೊಡೆದುಕೊಂಡು ಬಂದರೆ ಅದನ್ನು 'ಮರ' ಎಂದು ಬರೆದು ಸುಂಕ ಎತ್ತಿದ ಪುಣ್ಯಾತ್ಮ ಈತ.

ಅಂಥವನ ಮುಂದೆ ಒಂದು ಮಧ್ಯಾಹ್ನ ಸಾತಕ್ಕ ಬುಟ್ಟಿ ಇಳಿಸಿದಳು. ಹೊಳೆಯಾಚೆಯ ಮೇದಾರರ ಕೇರಿಯವಳು, ಮನೆಗೆ ಮರಳುತ್ತಿದ್ದಳು. ಬುಟ್ಟಿಯಲ್ಲಿ ಇಪ್ಪತ್ತು ಜೊತೆ ಕೈಗವಸು ಇದ್ದವು. ಪೇಟೆಯ ಕಮ್ಮಾರನಿಂದ ಕೂದಲೆಳೆಯಷ್ಟು ಸಣ್ಣ ತಂತಿ ಎಳೆಸಿ, ಅದನ್ನು ನೂಲಿನ ಜೊತೆ ಹೊಸೆದು, ಮೂರು ತಿಂಗಳು ಪೇಟೆಯಲ್ಲೇ ಕೂತು ಒಂದೊಂದು ಬೆರಳನ್ನೂ ಬಿಗಿಯಾಗಿ ಹೆಣೆದಿದ್ದಳು. ಬಿದಿರು ಸೀಳುವವರ ಕೈಗೆ ಕತ್ತಿಯೂ ಶತ್ರು, ಸಿಬಿರೂ ಶತ್ರು. ಅವಳ ಅಣ್ಣನಿಗೆ ಹೋದ ವರ್ಷ ಕೊಯ್ದ ಎರಡು ಬೆರಳು ಈಗಲೂ ಮಡಚಲು ಬರುವುದಿಲ್ಲ.

ಕೇತಯ್ಯ ಒಂದು ಕೈಗವಸನ್ನು ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಕಬ್ಬಿಣ ಮಿನುಗಿತು. ಕಬ್ಬಿಣವನ್ನು ಮೈಮೇಲೆ ತೊಟ್ಟರೆ ಅದು ಕವಚ. ಕವಚ ಆಯುಧದ ಪಟ್ಟಿಗೆ ಸೇರಿದ್ದು, ಆಯುಧ ಊರು ಬಿಟ್ಟು ಹೋಗುವಂತಿಲ್ಲ, ಆಯುಧಶಾಲೆಗೆ ಸೇರಬೇಕು. ಇಷ್ಟು ಚೆನ್ನಾಗಿ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು.

"ಅಯ್ಯಾ, ನಾಡಿದ್ದು ಬಿದಿರು ಸೀಳೋ ಕೆಲ್ಸ ಸುರು" ಎಂದಳು ಸಾತಕ್ಕ. "ಇವು ಹೋಗ್ದಿದ್ರೆ ನಮ್ಮೋರು ಬರಿಗೈಲೇ ಕೂರ್ಬೇಕು."

ಕೇತಯ್ಯ ಬುಟ್ಟಿಗೆ ಮುದ್ರೆ ಒತ್ತಿ ಒಳಗಿರಿಸಿದ. ಸಾತಕ್ಕ ಅಲ್ಲಿ ಅಳುತ್ತಾ ಕೂರಲಿಲ್ಲ. ನೆಟ್ಟಗೆ ಬೊಪ್ಪಣ್ಣನ ಮನೆಗೆ ಹೋದಳು. ರಾಜನ ಆಸ್ಥಾನದಲ್ಲಿ ಬೊಪ್ಪಣ್ಣನಿಗೆ ಇಂಥದೇ ಕೆಲಸ ಅಂತ ಇರಲಿಲ್ಲ. ಆದರೆ ಅವನು ಬಾಯಿ ಬಿಟ್ಟರೆ ಮಂತ್ರಿಗಳೂ ಮೈಯೆಲ್ಲ ಕಿವಿಯಾಗುತ್ತಿದ್ದರು.

ಮರುದಿನ ಆಸ್ಥಾನದಲ್ಲಿ ದೂರು ಬಂತು. ಬೊಪ್ಪಣ್ಣ ಜಗಳಕ್ಕೆ ಬರುತ್ತಾನೆಂದು ಕೇತಯ್ಯ ಸೊಂಟ ಕಟ್ಟಿಕೊಂಡೇ ಬಂದಿದ್ದ. ಬೊಪ್ಪಣ್ಣನೋ ಕೈಗವಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೆಗ್ಗಡೆಯವರು ಹೇಳಿದ್ದೇ ಸರಿ, ಇದು ಕವಚವೇ ಎಂದುಬಿಟ್ಟ. ಆಗಲೇ ಕೇತಯ್ಯನಿಗೆ ಅನುಮಾನ ಬರಬೇಕಿತ್ತು. ಹೊಗಳಿಕೆ ಕೇಳಿ ಮೈಮರೆತವನಿಗೆ ಅನುಮಾನ ಎಲ್ಲಿಂದ ಬರಬೇಕು?

"ಹೊಸ ಕವಚ ಆಯುಧಶಾಲೆಗೆ ಬಂದಾಗ ಒಂದು ಪದ್ಧತಿ ಇದೆಯಲ್ಲವೆ ಮಹಾಸ್ವಾಮಿ?" ಎಂದ ಬೊಪ್ಪಣ್ಣ ಮೆತ್ತಗೆ.

ಇತ್ತು. ಹಿಂದೆ ಯಾರೋ ತಗಡಿನ ಕವಚ ತಂದು ಮೋಸ ಮಾಡಿದ್ದರಿಂದ ರಾಜನ ತಾತ ಮಾಡಿಟ್ಟ ಕಟ್ಟಳೆ. ಯಾರು ಒಂದು ವಸ್ತುವನ್ನು ಕವಚವೆಂದು ಬರೆಯುತ್ತಾರೋ ಅವರೇ ಅದನ್ನು ತೊಟ್ಟು ಎಂಟು ಜನ ಬಿಲ್ಲಾಳುಗಳ ಬಾಣದ ಎದುರು ನಿಲ್ಲಬೇಕು.

ಕೇತಯ್ಯ ಮನಸ್ಸಿನಲ್ಲೇ ಎರಡು ಕೈಗವಸು ತೊಟ್ಟು ಬಯಲಲ್ಲಿ ನಿಂತ. ಕೈ ಎದೆಗೆ ಹಿಡಿದರೆ ಹೊಟ್ಟೆ ಬಯಲು, ಹೊಟ್ಟೆಗೆ ಹಿಡಿದರೆ ಎದೆ ಬಯಲು. ಅವನ ಹೊಟ್ಟೆಯಂತೂ ಎರಡು ಅಂಗೈಗೆ ಅಡಗುವಂಥದಲ್ಲ. ನಿಜಕ್ಕೂ ಹೆದರಿದ.

"ತೂಕ ಹಾಕಿ ನೋಡಿದರೆ ಇದರಲ್ಲಿ ತಂತಿಗಿಂತ ನೂಲೇ ಹೆಚ್ಚು ಮಹಾಸ್ವಾಮಿ" ಎಂದ ಬೆವರು ಒರೆಸಿಕೊಳ್ಳುತ್ತಾ. "ಇದು ಕವಚವಲ್ಲ. ಬಟ್ಟೆ."

ಬಟ್ಟೆಯಾದರೆ ಊರು ದಾಟಬಹುದು. ಸಾತಕ್ಕನ ಮುಖ ಅರಳಿತು. ಅಷ್ಟರಲ್ಲಿ ಕೇತಯ್ಯನಿಗೆ ಪಟ್ಟಿಯ ಮುಂದಿನ ಸಾಲು ನೆನಪಾಗಿ ಬೆವರೆಲ್ಲ ಆರಿತು. ಬಟ್ಟೆಗೆ ಸುಂಕ ಐದರಲ್ಲಿ ಒಂದು ಪಾಲು. ಅದನ್ನು ಹೆಗ್ಗಡೆಯೇ ಸುಂಕದ ಕತ್ತಿಯಿಂದ ಸ್ಥಳದಲ್ಲೇ ಕತ್ತರಿಸಿ ತೆಗೆದುಕೊಳ್ಳಬೇಕು. ಕೈಗವಸಿಗೆ ಬೆರಳು ಐದು.

"ಒಂದೊಂದರಲ್ಲೂ ಹೆಬ್ಬೆರಳು ಸರಕಾರಕ್ಕೆ" ಎಂದ.

"ಹೆಬ್ಬೆಟ್ಟಿಲ್ದಿದ್ರೆ ಕತ್ತಿ ಹಿಡಿಯೋದು ಹೆಂಗೆ ಸ್ವಾಮಿ?" ಎಂದಳು ಸಾತಕ್ಕ. ಮೂರು ತಿಂಗಳ ಕೆಲಸ ಅವಳ ಕಣ್ಣೆದುರೇ ಹಾಳಾಗಲಿತ್ತು.

ಬೊಪ್ಪಣ್ಣ ಅವಳಿಗೆ ಸುಮ್ಮನಿರುವಂತೆ ಕಣ್ಣಲ್ಲೇ ಹೇಳಿದ. ಆಮೇಲೆ ರಾಜನ ಕಡೆ ತಿರುಗಿ, ಹೆಗ್ಗಡೆಯವರು ತಮ್ಮ ಕೈಯಾರೆ ಸುಂಕ ಕೊಯ್ದುಕೊಳ್ಳಲಿ, ಐದರಲ್ಲಿ ಒಂದು ಬೆರಳಿಗೆ ಕತ್ತಿ ಬಿದ್ದ ಮೇಲೆ ಉಳಿದದ್ದನ್ನು ಮುಟ್ಟದಿರಲಿ ಎಂದು ಬೇಡಿಕೊಂಡ. ರಾಜ ಒಪ್ಪಿದ. ಕೇತಯ್ಯ ಖುಷಿಯಿಂದಲೇ ಒಪ್ಪಿದ.

ಆ ಕತ್ತಿ ಎಷ್ಟೋ ರೇಷ್ಮೆ, ಎಷ್ಟೋ ಕಂಬಳಿ ಕೊಯ್ದದ್ದು. ಕೈಗವಸಿನ ಹೆಬ್ಬೆರಳ ಮೇಲೆ ಇಟ್ಟು ಎಳೆದರೆ ಸುಮ್ಮನೆ ಜಾರಿತು. ಮತ್ತೆ ಎಳೆದ. ಗರಗಸದಂತೆ ಹಿಂದೆ ಮುಂದೆ ಆಡಿಸಿದ. ನೂಲು ಸ್ವಲ್ಪ ಜುಂಗೆದ್ದಿತೇ ಹೊರತು ತಂತಿ ಜಪ್ಪಯ್ಯ ಅನ್ನಲಿಲ್ಲ. ಆಸ್ಥಾನದಲ್ಲಿ ಒಬ್ಬಿಬ್ಬರು ಉತ್ತರೀಯ ಬಾಯಿಗಿಟ್ಟುಕೊಂಡರು. ಅದನ್ನು ಕಂಡು ರೇಗಿದ ಕೇತಯ್ಯ ಎಡಗೈಯಲ್ಲಿ ಕೈಗವಸನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ಬಲವೆಲ್ಲ ಹಾಕಿ ಎಳೆದ.

ಕತ್ತಿ ಸರ್ರನೆ ಜಾರಿತು. ಕೇತಯ್ಯ ಎಡಗೈಯನ್ನು ಥಟ್ಟನೆ ಪಂಚೆಯ ಮಡಿಕೆಯಲ್ಲಿ ಅಡಗಿಸಿದ. ಬಿಳಿ ಪಂಚೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಮೂಡಿತು. ಉರಿಗಿಂತ ನಾಚಿಕೆಯೇ ಅವನನ್ನು ಹೆಚ್ಚು ಸುಡುತ್ತಿತ್ತು.

"ಏನಾಯಿತು ಹೆಗ್ಗಡೆ? ಸುಂಕ ಬಂತೆ?" ಎಂದು ಕೇಳಿದ ರಾಜ.

ಕೇತಯ್ಯ ಕೈಯನ್ನು ಪಂಚೆಯೊಳಗೆ ಇನ್ನಷ್ಟು ತುರುಕಿದ. ಬೊಪ್ಪಣ್ಣ ಎದ್ದು ಕೈಮುಗಿದ.

"ಬಂತು ಮಹಾಸ್ವಾಮಿ. ಐದರಲ್ಲಿ ಒಂದು ಬೆರಳಿಗೆ ಕತ್ತಿ ಬಿದ್ದಿದೆ, ಕಟ್ಟಳೆಯಲ್ಲಿ ಕೂದಲಷ್ಟೂ ತಪ್ಪಿಲ್ಲ. ನಮ್ಮ ಹೆಗ್ಗಡೆಯವರು ದೊಡ್ಡ ಮನಸ್ಸಿನವರು, ಸಾತಕ್ಕನ ಪರವಾಗಿ ತಮ್ಮ ಬೆರಳನ್ನೇ ಕೊಟ್ಟರು. ಸುಂಕ ಸಂದಿತು ಅಂತ ಮುದ್ರೆ ಒತ್ತಿಬಿಡಲಿ."