ಭಂತೆಯ ಹಳೆಯ ಚೀವರ

ಭೀಮೆಯ ದಂಡೆಯ ಪುಟ್ಟ ಬೌದ್ಧ ವಿಹಾರದಲ್ಲಿ, ಹಿರಿಯ ಭಿಕ್ಷು ರೇವತ ಭಂತೆಯ ಬಳಿ ನಾನು ಮೂರು ಮಳೆಗಾಲ ಕಲಿತೆ. ‘ಎಲ್ಲವೂ ಅನಿತ್ಯ’ ಎಂದು ನಾನು ಪಾಠ ಒಪ್ಪಿಸುತ್ತಿದ್ದರೆ ನದಿ ನಿಂತು ಕೇಳುತ್ತಿತ್ತು. ನಂಬದವರು ನದಿಯನ್ನೇ ವಿಚಾರಿಸಬಹುದು.

ಮಳೆಗಾಲದ ವಾಸ ಮುಗಿದ ಮೇಲೆ ಊರವರು ಬಟ್ಟೆ ಕೊಡುತ್ತಾರೆ. ಅದನ್ನು ಒಂದೇ ದಿನದಲ್ಲಿ ಕತ್ತರಿಸಿ, ಹೊಲಿದು, ಕಾವಿ ಬಣ್ಣ ಹಾಕಿ, ಭಿಕ್ಷುಗಳು ಹೊದೆಯುವ ಚೀವರ ಮಾಡಬೇಕು. ಕೊನೆಯ ವರ್ಷ ಭಂತೆಯ ಚೀವರ ಹೊಲಿದವನು ನಾನೇ. ಸೂಜಿ ಓಡಿದ ವೇಗಕ್ಕೆ ಹೊಗೆ ಎದ್ದಿತ್ತು!

ಆಮೇಲೆ ನಾನು ಸಂಸಾರಕ್ಕೆ ಮರಳಿದೆ.

ಮೂವತ್ತು ವರ್ಷದ ನಂತರ, ಭಂತೆ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಓಡಿಬಂದೆ. ಅವರ ಕಣ್ಣು ಮಂಜಾಗಿತ್ತು. ದನಿಯಿಂದಲೇ ಗುರುತು ಹಿಡಿದರು.

“ಭಂತೆ, ನಾನು ಹೊಲಿದ ಚೀವರ ಎಲ್ಲಿ? ಅದನ್ನು ನನಗೆ ಕೊಡಿ.”

“ಒಂದು ಅಂಚು ಸೊಟ್ಟಗಿತ್ತಲ್ಲ, ಅದಾ?”

“ಸೊಟ್ಟವಲ್ಲ ಭಂತೆ. ನದಿಯ ತಿರುವು ನೋಡಿ ಹೊಲಿದದ್ದು.”

ಭಂತೆ ಕೆಮ್ಮು ಬರುವಷ್ಟು ನಕ್ಕರು.

“ಹನ್ನೊಂದು ವರ್ಷ ಹೊದ್ದೆ ಕಣಪ್ಪ. ಹರಿದ ಮೇಲೆ ಹಾಸಿಗೆಗೆ ಹಾಸಿದೆ. ಆಮೇಲೆ ಕಾಲೊರೆಸು. ಅದೂ ಚಿಂದಿಯಾದಾಗ ಮಣ್ಣಿನಲ್ಲಿ ಕಲಸಿ ಆ ಗೋಡೆಗೆ ಮೆತ್ತಿದೆವು.”

ಕಲಿತ ಪಾಠದ ಒಂದಕ್ಷರವೂ ನೆನಪಾಗಲಿಲ್ಲ.

“ನೀವು ಹೋದ ಮೇಲೆ, ನಿಮ್ಮದು ಅಂತ ನನ್ನ ಹತ್ತಿರ ಏನಿರುತ್ತೆ ಭಂತೆ?”

ನಾನು ಗೋಡೆಯ ಬಳಿ ಹೋಗಿ ಉಗುರಿನಿಂದ ಕೆರೆದೆ. ಮಣ್ಣು ಉದುರಿತು. ಕಾವಿಯ ಒಂದು ಎಳೆ ಕಂಡಿತು. ಎಳೆದೆ. ಒಂದು ಹೆಂಟೆಯೇ ಕಿತ್ತು ಬಂತು. ನದಿಯ ಗಾಳಿ ಒಳಗೆ ನುಗ್ಗಿತು.

“ತೂತು ಬಿತ್ತಾ?” ಎಂದರು ಭಂತೆ.

“ಸಣ್ಣದು, ಭಂತೆ.”

“ಗಾಳಿ ಸಣ್ಣದಲ್ಲ. ಹೊರಗೆ ಮಣ್ಣಿದೆ, ಕಲಸು. ಮಣ್ಣು ಬಿರಿಯದಿರಲು ಬಟ್ಟೆ ಬೇಕು. ನಿನ್ನ ಹೆಗಲ ಮೇಲೇನಿದೆ?”

“ಟವೆಲ್ಲು.”

“ಹಳೆಯದಾ?”

“ನನ್ನಷ್ಟೇ.”

“ಹರಿದು ಹಾಕು. ನಾಳೆ ಈ ಗೋಡೆಗೆ ಒರಗಿ ಕೂರುವವನಿಗೆ ನಮ್ಮಿಬ್ಬರ ಹೆಸರು ಬೇಕಾಗಿಲ್ಲ. ಬೆನ್ನಿಗೆ ಚಳಿ ತಾಕದಿದ್ದರೆ ಸಾಕು.”